ಬೀಡಿ ಮೇಷ್ಟ್ರು

ಯಾವ ಕೋಣೆಗೆ ಹೋದರೂ ನಾನು ಮೊದಲು ಅದರ ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಮದುವೆ ಛತ್ರವಾಗಲಿ, ಕಾಲೇಜಿನ ಪರೀಕ್ಷಾ ಕೊಠಡಿಯಾಗಲಿ, ನೆಂಟರ ಮನೆಯ ನಡುಮನೆಯಾಗಲಿ, ಕೂರುವ ಮೊದಲೇ ಕಣ್ಣು ಅದನ್ನು ಹುಡುಕಿಕೊಂಡು ಬರುತ್ತದೆ. ಇದು ಡ್ರಾಯಿಂಗ್ ಮೇಷ್ಟ್ರು ಕಲಿಸಿದ ಪಾಠವೋ, ಅವರ ಜೊತೆ ಕೊಬ್ಬರಿ ಅಟ್ಟದ ಮೇಲೆ ಬೆಂಕಿಗೆ ಸಿಕ್ಕಿಕೊಂಡ ದಿನ ಹತ್ತಿದ ಭಯವೋ ಇವತ್ತಿಗೂ ನನಗೆ ತಿಳಿದಿಲ್ಲ.

"ಕೋಣೆ ಬರೀಬೇಕಾದ್ರೆ ಮೊದ್ಲು ಬಾಗ್ಲು ಹುಡುಕು ಕಣವ್ವ" ಎನ್ನುತ್ತಿದ್ದರು ಮೇಷ್ಟ್ರು. "ಬೆಳಕು ಎಲ್ಲಿಂದ ಬತ್ತದೆ, ಮನುಷ್ಯ ಎಲ್ಲಿಂದ ಬತ್ತಾನೆ, ಇವೆರಡು ಗೊತ್ತಾದ್ರೆ ಮಿಕ್ಕಿದ್ದೆಲ್ಲ ಬರೀ ಸಾಮಾನು."

ಅವರು ಹೋದ ತಿಂಗಳು ತೀರಿಕೊಂಡರು. ತಿಥಿಗೆ ಹೋಗಿ ಬಂದ ಮೇಲೆ ನನ್ನ ತಲೆ ಇನ್ನಷ್ಟು ಕಲಸಿಹೋಗಿದೆ. ತುರುವೇಕೆರೆ, ಮಾಯಸಂದ್ರದ ಕಡೆ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಬೀಡಿ ಮೇಷ್ಟ್ರು ಎಂದು. ಅವರು ಬೀಡಿ ಸೇದುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಬೇರೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತಿಪಟೂರಿನಲ್ಲಿ ಬಿ.ಎ. ಮುಗಿಸಿ ತುರುವೇಕೆರೆಯ ದೊಡ್ಡಪ್ಪನ ಮನೆಯಲ್ಲಿದ್ದೆ. ಅಪ್ಪ ಚಿಕ್ಕಂದಿನಲ್ಲೇ ಹೋಗಿದ್ದರಿಂದ ನನ್ನನ್ನು ಸಾಕಿ ಓದಿಸಿದವರು ದೊಡ್ಡಪ್ಪ, ದೊಡ್ಡಮ್ಮ. ಎಂ.ಎ.ಗೆ ಮೈಸೂರಿಗೆ ಕಳಿಸುವುದೋ ಗಂಡು ನೋಡುವುದೋ ಎಂದು ಅವರು ಇನ್ನೂ ಯೋಚಿಸುತ್ತಿದ್ದರು. ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ. ಮನೆಗೆ ಅಂಟಿಕೊಂಡೇ ದೊಡ್ಡ ಕೊಬ್ಬರಿ ಅಟ್ಟ. ಬಲಿತ ಕಾಯಿಗಳನ್ನು ಮಟ್ಟೆ ಸಮೇತ ಅಟ್ಟದ ಮೇಲೆ ರಾಶಿ ಹಾಕಿ ವರ್ಷದ ತನಕ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯಿ ಅಲ್ಲಾಡಿಸಿದಾಗ ಲೊಟಲೊಟ ಎಂದರೆ ಕೆಳಗಿಳಿಸಿ ಸುಲಿಯುತ್ತಾರೆ. ಅವಸರ ಮಾಡಿದವನಿಗೆ ಕೊಬ್ಬರಿ ಸಿಗುವುದಿಲ್ಲ.

ಒಂದು ಬೆಳಿಗ್ಗೆ ಬಿಳಿ ಅಂಗಿ, ಮಾಸಿದ ಪಂಚೆಯ ಒಬ್ಬ ತೆಳ್ಳನೆಯ ಮನುಷ್ಯ ಬೀದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ನಮ್ಮ ಅಟ್ಟದ ಕಿಟಕಿಯನ್ನು ನೋಡುತ್ತಿದ್ದರು. ಮೂಟೆ ಇಳಿಸಲೆಂದು ರಾಟೆ ಹಾಕಿದ್ದ, ಸರಳಿಲ್ಲದ ದೊಡ್ಡ ಕಿಟಕಿ ಅದು.

"ಏನ್ ನೋಡ್ತಿದ್ದೀರಿ?" ಎಂದರು ದೊಡ್ಡಪ್ಪ.

"ಇದು ಬಡಗಣ ದಿಕ್ಕು ಕಣ್ರೀ. ಇಡೀ ದಿನ ಒಂದೇ ಥರದ ಬೆಳಕು. ನಾನು ಇಂಥ ಕಿಟಕಿ ಹುಡುಕ್ತಾ ಗುಬ್ಬಿ ತನಕ ಹೋಗಿ ಬಂದೆ."

ಮಾಯಸಂದ್ರದ ಕಡೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಎಣ್ಣೆ ಬಣ್ಣದಲ್ಲಿ ಒಂದು ಒಳ್ಳೆಯ ಚಿತ್ರ ಬರೆದು ಸಾಯಬೇಕು ಎಂಬ ಆಸೆ. ದೊಡ್ಡಪ್ಪನಿಗೆ ಆ ಮಾತು ಯಾಕೋ ಹಿಡಿಸಿತು. ಅಟ್ಟದ ಮುಂಭಾಗದಲ್ಲಿ ಹಲಗೆ ಹಾಸಿದ ಜಾಗ ಬಿಟ್ಟುಕೊಟ್ಟರು. ಬಾಡಿಗೆ ಬೇಡ, ಬದಲಿಗೆ ಸುಮ್ಮನೆ ಕೂತಿರುವ ನನಗೂ ಕಲಿಸಬೇಕು. ಷರತ್ತು ಒಂದೇ.

"ಮೇಲೆ ಬೆಂಕಿಕಡ್ಡಿ ಕೂಡ ಹೋಗಕೂಡ್ದು ಮೇಷ್ಟ್ರೆ. ಬೀಡಿ, ಸಿಗರೇಟು ಐತಾ ಅಭ್ಯಾಸ?"

ಮೇಷ್ಟ್ರು ಎರಡೂ ಜೇಬು ಹೊರಗೆಳೆದು ತೋರಿಸಿದರು. ಒಂದು ಬಳಪ, ಎರಡು ಅಡಕೆ ಚೂರು ಕೆಳಗೆ ಬಿದ್ದವು. "ಸಣ್ಣವನಿದ್ದಾಗ ಒಂದ್ ಸಲ ಎಳ್ದೆ. ಮೂರು ದಿನ ಕೆಮ್ಮಿದೆ. ಅಲ್ಲಿಗೆ ಮುಗೀತು" ಎಂದರು.

ಈ ಮಾತು ದೊಡ್ಡಪ್ಪನ ಎದುರಿಗೇ ಆಗಿತ್ತು. ಮುಂದೆ ಬೆಂಕಿ ಬಿದ್ದ ದಿನ ಅಂಗಳದಲ್ಲಿ ಅದು ಯಾಕೆ ಯಾರಿಗೂ ನೆನಪಾಗಲಿಲ್ಲ ಎಂಬುದೂ ನನಗೆ ಅರ್ಥವಾಗದ ಸಂಗತಿಗಳಲ್ಲಿ ಒಂದು.

ಕಲಿಯಲು ಮೇಷ್ಟ್ರು ಆರಿಸಿದ್ದು ಒಂದು ಮುದ್ರಿತ ಚಿತ್ರ. ಹಿಂದೆ ಯಾವುದೋ ಕಾರ್ಖಾನೆಯಲ್ಲಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ದಪ್ಪ ಪುಸ್ತಕದ ಒಂದು ಪುಟ. ಪರದೇಶದ ದೊಡ್ಡಮನೆಯೊಂದರ ಒಳಗಿನ ಕೋಣೆ. ಕಪ್ಪು ಬಿಳಿ ಚೌಕದ ನೆಲ, ಗೋಡೆ ತುಂಬ ಪುಸ್ತಕದ ಕಪಾಟು, ಮೇಲೆ ಹಿತ್ತಾಳೆಯ ತೂಗುದೀಪ, ಹೂವಿನ ಜಮಖಾನ ಹೊದೆಸಿದ ಮೇಜು, ಅದರ ಮೇಲೆ ಅರ್ಧ ಸುಲಿದ ನಿಂಬೆಹಣ್ಣು, ಮೇಜಿನ ಮುಂದೆ ಓದುತ್ತ ಕೂತ ಮುದುಕ. ಅವನ ಬೆನ್ನ ಹಿಂದೆ ತೆರೆದ ಬಾಗಿಲು, ಅದರಾಚೆ ಇನ್ನೊಂದು ಕೋಣೆ, ಆ ಕೋಣೆಗೂ ಒಂದು ಬಾಗಿಲು. ಆ ಕೊನೆಯ ಬಾಗಿಲಲ್ಲಿ ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಒಂದು ಆಕೃತಿ ನಿಂತಿತ್ತು.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿದರು. "ಜಮಖಾನಾನ ಮೇಜಿನ ಮೇಲೆ ಹಾಸವ್ರೆ. ಯಾಕೆ, ಇವ್ರಿಗೆ ನೆಲ ಇರ್ಲಿಲ್ವಾ? ಅಷ್ಟ್ ದೊಡ್ಡ ಮನೇಲಿ ನಿಂಬೆಹಣ್ಣು ಪೂರ್ತಿ ಸುಲಿಯೋಕೆ ಒಂದಾಳಿಲ್ಲ" ಎಂದು ಕೆಳಗಿಳಿದು ಹೋದರು.

"ಸಾರ್, ಆ ಬಾಗಿಲಲ್ಲಿರೋರು ಬರ್ತಾ ಇದ್ದಾರಾ, ಹೋಗ್ತಾ ಇದ್ದಾರಾ?" ಎಂದು ನಾನು ಮೊದಲ ದಿನವೇ ಕೇಳಿದೆ. ಮುಖವೋ ಬೆನ್ನೋ ತಿಳಿಯುತ್ತಿರಲಿಲ್ಲ.

"ಅದು ಕೊನೇಗೆ. ಬರೀತಾ ಬರೀತಾ ಗೊತ್ತಾಯ್ತದೆ."

ಚಿತ್ರದ ಪುಟದ ಮೇಲೆ ಅಡ್ಡಡ್ಡ ಉದ್ದುದ್ದ ದಾರ ಬಿಗಿದು ಚೌಕ ಮಾಡಿಸಿದರು. ಅಳತೆಗೆ ತೆಂಗಿನ ಗರಿಯ ಕಡ್ಡಿ. ಒಂದು ಕಣ್ಣು ಮುಚ್ಚಿ, ಕೈ ನೀಟಿ, ಕಡ್ಡಿಯ ಮೇಲೆ ಹೆಬ್ಬೆರಳು ಸರಿಸಿ ಅಳೆಯುತ್ತಿದ್ದರು. ಈ ಒಂದು ಕಣ್ಣು ಮುಚ್ಚುವುದು ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ದೊಡ್ಡಮ್ಮ ಕಾಫಿ ಕೊಟ್ಟರೂ ಲೋಟವನ್ನು ಹಾಗೇ ನೋಡುತ್ತಿದ್ದರು. "ಏನ್ ಮೇಷ್ಟ್ರೆ, ಕಮ್ಮಿ ಐತಾ?" ಎಂದು ದೊಡ್ಡಮ್ಮ ಕೇಳುವಳು. "ಇಲ್ಲ ಕಣಮ್ಮ, ಲೋಟದ ಬಾಯಿ ನೋಡ್ದೆ. ದುಂಡಗಿರೋದು ಎಷ್ಟ್ ಚೆಂದಾಗಿ ಉದ್ದುದ್ದಕ್ಕೆ ಕಾಣ್ತದೆ!"

ತಿಂಗಳುಗಟ್ಟಲೆ ನನ್ನ ಕೈಗೆ ಬಣ್ಣವೇ ಸಿಗಲಿಲ್ಲ, ಕಂದು ಒಂದನ್ನು ಬಿಟ್ಟರೆ. ಕೊಬ್ಬರಿ ಚಿಪ್ಪಿನ ಬಣ್ಣ ಎಂದು ಅದಕ್ಕೆ ಅವರ ಹೆಸರು. ಇಡೀ ಕೋಣೆಯನ್ನು ಮೊದಲು ಕಂದಿನಲ್ಲೇ ಬರೆಯಬೇಕು, ಕತ್ತಲೆ ಸರಿಯಾಗಿ ಕೂರಬೇಕು. ಬೆಳಕು ಆಮೇಲೆ. ನಾನು ಅವಸರಪಟ್ಟರೆ ಹಿಂದಿನ ರಾಶಿಯಿಂದ ಒಂದು ಕಾಯಿ ಎತ್ತಿ ನನ್ನ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದರು. ಸದ್ದು ಬರುತ್ತಿರಲಿಲ್ಲ. "ಇದೂ ಇನ್ನೂ ಹಸಿ" ಎಂದು ವಾಪಸು ಇಡುತ್ತಿದ್ದರು.

ಅಟ್ಟದ ಮೂಲೆಯಲ್ಲಿ ಅವರೇ ತಂದು ಗೋಡೆಗೆ ಮುಖ ಮಾಡಿ ಇಟ್ಟಿದ್ದ ಒಂದು ಹಳೆಯ ಕ್ಯಾನ್ವಾಸಿತ್ತು. ಒಂದು ದಿನ ಅದನ್ನು ತಿರುಗಿಸಿ, "ಮುಟ್ಟಿ ನೋಡು" ಎಂದರು. ಅದೇ ಕೋಣೆ, ಅದೇ ಮುದುಕ. ಬೆರಳಿಗೆ ಬಣ್ಣ ಅಂಟಿತು. ಇವತ್ತು ಬೆಳಿಗ್ಗೆ ಬರೆದಂತೆ.

"ಯಾವಾಗ ಬರೆದಿದ್ದು ಸಾರ್?"

"ನನ್ನ ಮಗಳು ಹುಟ್ಟಿದ ವರ್ಷ. ಈಗ ಅವಳ ಮಗ ಸ್ಕೂಲಿಗೆ ಹೋಗ್ತಾನೆ."

ಆಗ ಅವರಿಗೆ ಎಣ್ಣೆ ಬಣ್ಣ ಹೇಳಿಕೊಡುವವರು ಯಾರೂ ಇರಲಿಲ್ಲ. ಬಣ್ಣದ ಪುಡಿಗೆ ಎಣ್ಣೆ ಕಲಸಬೇಕು ಎಂದು ಎಲ್ಲೋ ಓದಿದ್ದರು. ಈ ಸೀಮೆಯಲ್ಲಿ ಹುಟ್ಟಿದವನಿಗೆ ಕಣ್ಣೆದುರು ಕಾಣುವ ಎಣ್ಣೆ ಯಾವುದು? ಗಾಣದಿಂದ ತಾಜಾ ಕೊಬ್ಬರಿ ಎಣ್ಣೆ ತಂದು ಕಲಸಿದರು. ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಕರಗಿ ಇಳಿಯುತ್ತದೆ. ಚಿತ್ರದ ಮುದುಕನ ಗಡ್ಡ ಬೇಸಿಗೆಗೊಂದು ನೂಲಿನಷ್ಟು ಇಳಿದು ಈಗ ಮೇಜಿಗೆ ತಾಗಿತ್ತು. ನಿಂಬೆಹಣ್ಣಿನ ಮೇಲೆ ಇರುವೆಯೊಂದು ಅಂಟಿಕೊಂಡು ಸತ್ತಿತ್ತು.

"ಯಾಕೆ ಇಟ್ಕೊಂಡಿದ್ದೀರಿ ಸಾರ್, ಬಿಸಾಕೋದಲ್ವಾ?"

"ಒಣಗಬೌದು ಬುಡು" ಎಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ.

ಅದಾದ ಮೇಲೆ ಅವರು ಕಲಿತದ್ದು ಅಗಸೆ ಎಣ್ಣೆ. ತಿಪಟೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮರಕ್ಕೆ ಹಚ್ಚಲೆಂದು ಮಾರುತ್ತಾರಲ್ಲ, ಅದು. ಅದು ಒಣಗಿ ಗಟ್ಟಿ ಪೊರೆಯಾಗುತ್ತದೆ. ಹೇಗೆ ಒಣಗುತ್ತದೆ ಎಂಬುದು ಮಾತ್ರ ಅಟ್ಟದ ಮೇಲಿದ್ದ ಇಬ್ಬರಿಗೂ ಗೊತ್ತಿರಲಿಲ್ಲ.

ಕೆಳಗೆ ಅಂಗಳದಲ್ಲಿ ದೊಡ್ಡಪ್ಪನ ಆಳು ಕೆಂಚಣ್ಣ ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುವಿದರೆ ಮಟ್ಟೆ ಕಿತ್ತು ಬರುವುದು, ಜೊತೆಗೆ ನಾರಿನ ದೂಳು ಕಿಟಕಿಯ ತನಕ ಏಳುವುದು. ಮೇಷ್ಟ್ರು ಮೇಲಿನಿಂದ ಇಣುಕುವರು.

"ಕೆಂಚಾ, ಒಂದ್ ಗಳಿಗೆ ನಿಲ್ಸೋ. ದೂಳೆಲ್ಲ ಬಣ್ಣಕ್ಕೆ ಕೂರ್ತದೆ."

"ನಿಮ್ ಚಿತ್ರ ಒಣಗೋದ್ ಯಾವಾಗ, ನನ್ ಕಾಯಿ ಮುಗಿಯೋದ್ ಯಾವಾಗ ಮೇಷ್ಟ್ರೆ? ಒಂದ್ ಕೆಲ್ಸ ಮಾಡಿ, ಆ ಮುದುಕನ್ ಕೈಗೆ ಒಂದ್ ಕಾಯಿ ಕೊಡಿ. ಅವ್ನೂ ಸುಲೀಲಿ. ಸುಮ್ಕೆ ಕುಂತವ್ನೆ."

"ಬಾಯಿಗೆ ಬೀಡಿ ಇಟ್ಕೊಂಡು ಸುಮ್ನಿರು."

ಅಂಗಳದ ತಂತಿಬೇಲಿಯ ಆಚೆ ನಿಂತು ಬೀಡಿ ಸೇದಲು ದೊಡ್ಡಪ್ಪ ಅವನಿಗೆ ಅಪ್ಪಣೆ ಕೊಟ್ಟಿದ್ದರು. ಬೇಲಿಯ ಈಚೆ ಬೀಡಿ ಕಂಡರೆ ಕೆಲಸವಿಲ್ಲ.

ಈಗ ಅಟ್ಟದ ಮೇಲಿದ್ದ ಒಂದು ಚೀಲದ ವಿಷಯ. ಇಡೀ ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಮನಸ್ಸಿನಲ್ಲಿ ಮುಟ್ಟಿ ನೋಡಿದ್ದು ಅದನ್ನೇ.

ನಮ್ಮ ಕಡೆ ಮನೆಗಳಲ್ಲಿ ಎಣ್ಣೆ ಹತ್ತಿದ ಬಟ್ಟೆಯನ್ನು ಯಾರೂ ಎಸೆಯುವುದಿಲ್ಲ. ಕೊಬ್ಬರಿ ಮುಟ್ಟಿದ ಕೈ ಒರೆಸಿದ್ದು, ಗಾಣದವರು ಒರೆಸಿದ್ದು, ಎಲ್ಲವನ್ನೂ ಮಟ್ಟೆ ನಾರಿನ ಜೊತೆ ಗೋಣಿಚೀಲಕ್ಕೆ ತುರುಕಿ ಇಡುತ್ತಾರೆ. ಬಚ್ಚಲ ಹಂಡೆ ಒಲೆ ಹೊತ್ತಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಮೇಷ್ಟ್ರ ಕುಂಚ ಒರೆಸುವ ಬಟ್ಟೆಗಳನ್ನೂ ದೊಡ್ಡಮ್ಮ ಬಿಡಲಿಲ್ಲ. "ಅವನ್ನ ಬಿಸಾಕ್ಬೇಡಿ ಮೇಷ್ಟ್ರೆ, ಒಲೆಗೆ ಆಯ್ತವೆ" ಎಂದು ಒಂದು ಚೀಲವನ್ನೇ ಮೇಲೆ ಕಳಿಸಿದಳು. ಅದು ಅಟ್ಟದ ಏಣಿಯ ಪಕ್ಕದಲ್ಲಿರುತ್ತಿತ್ತು, ಅರ್ಧ ನಾರು, ಅರ್ಧ ಬಟ್ಟೆ. ದಿನಾ ಬೆಳಿಗ್ಗೆ ಒಲೆಗೆ ಹೋಗಿ ಖಾಲಿಯಾಗುತ್ತಿತ್ತು. ಬೇಸಿಗೆ ಬಂತು. ಎಲ್ಲರೂ ತಣ್ಣೀರು ಸ್ನಾನ ಶುರು ಮಾಡಿದರು. ಚೀಲ ಖಾಲಿಯಾಗುವುದು ನಿಂತಿತು.

ಒಂದು ಸಂಜೆ ಮೇಷ್ಟ್ರು, ನನ್ನ ಚಿತ್ರದ ಕತ್ತಲೆಯ ಭಾಗಗಳು ಮಂಕಾಗಿವೆ ಎಂದು ಇಡೀ ಕ್ಯಾನ್ವಾಸಿಗೆ ಅಗಸೆ ಎಣ್ಣೆ ಸವರಿ, ಹಳೆಯ ಪಂಚೆಯೊಂದನ್ನು ಹರಿದು ತುಂಡು ತುಂಡಾಗಿ ಒರೆಸಿ ತೆಗೆದರು. ಮಂಕು ಕೋಣೆಯಲ್ಲಿ ಯಾರೋ ಕಿಟಕಿ ತೆರೆದಂತೆ ಬಣ್ಣಗಳು ಎದ್ದು ಬಂದವು. ನನ್ನ ಚಿತ್ರ ಅಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಉಳಿದದ್ದು ಕೊನೆಯ ಬಾಗಿಲ ಆಕೃತಿ ಒಂದೇ. ಪಂಚೆಯ ತುಂಡುಗಳೆಲ್ಲ ಚೀಲಕ್ಕೆ ಹೋದವು. ಮೇಷ್ಟ್ರೇ ಕೈಯಿಂದ ಅದುಮಿ ತುಂಬಿದರು.

ಮರುದಿನ ಕೆಂಚಣ್ಣ ಬೆಳಿಗ್ಗೆಯೇ ಅಟ್ಟಕ್ಕೆ ಹತ್ತಿ ಒಣಗಿದ ಕಾಯಿಗಳನ್ನು ಕೆಳಗೆ ತಳ್ಳಿ ಹೋಗಿದ್ದ. ಬಿಸಿಲೇರಿದ ಮೇಲೆ ನಾವು ಕಿಟಕಿಯ ಹತ್ತಿರ ಕೂತೆವು. ಹಂಚಿನ ಕೆಳಗೆ ಬೇಯುವ ಸೆಕೆ. ಕುಂಚ ಒರೆಸಲು ಬಟ್ಟೆ ಬೇಕಾಗಿ ಮೇಷ್ಟ್ರು ಏಣಿಯ ಪಕ್ಕದ ಚೀಲಕ್ಕೆ ಕೈ ಹಾಕಿದರು. "ಅರೆ, ಬೆಚ್ಚಗೈತಲ್ಲವ್ವ" ಎಂದರು. ನಾನೂ ಹೋಗಿ ಕೈ ಹಾಕಿದೆ. ಮಲಗಿದ್ದ ಬೆಕ್ಕು ಎದ್ದುಹೋದ ಜಾಗ ಹೇಗೆ ಬೆಚ್ಚಗಿರುತ್ತದೋ ಹಾಗಿತ್ತು. ಬೆಕ್ಕು ಮಲಗಿತ್ತೇನೋ ಎಂದು ಅವರು ಹೇಳಿದರೋ ನಾನು ಹೇಳಿದೆನೋ ನೆನಪಿಲ್ಲ. ಇಬ್ಬರೂ ನಕ್ಕದ್ದು ನೆನಪಿದೆ. ಅವರು ಒಂದು ತುಂಡು ಎಳೆದುಕೊಂಡರು. ವಾಪಸು ಬಂದು, ಏಣಿಗೆ ಬೆನ್ನು ಮಾಡಿ ಕೂತೆವು.

ಮೊದಲು ಬಂದದ್ದು ಹೊಗೆಯಲ್ಲ. ಬಾಂಡಲೆಯಲ್ಲಿ ಎಣ್ಣೆ ಹೊತ್ತಿದಾಗ ಬರುವ ಕಟು ವಾಸನೆ. ದೊಡ್ಡಮ್ಮ ಕೆಳಗೆ ಏನೋ ಕರಿಯುತ್ತಿದ್ದಾಳೆ ಎಂದುಕೊಂಡೆ. ನಾನು ಸಣ್ಣ ಕುಂಚದಿಂದ ಆ ಆಕೃತಿಯ ಹೆಗಲು ತಿದ್ದುತ್ತಿದ್ದೆ. ಹಿಂದೆ ಯಾರೋ ದಪ್ಪ ಬಟ್ಟೆ ಕೊಡವಿದಂಥ ಸದ್ದಾಯಿತು. ತಿರುಗಿದರೆ ಏಣಿ ಕಾಣಲಿಲ್ಲ. ಏಣಿ ಇದ್ದ ಕಡೆ ನೆಲದಿಂದ ಹಂಚಿನ ತನಕ ಉರಿ.

ಮೇಷ್ಟ್ರು ಕೂಗಲಿಲ್ಲ. "ಬಾಗ್ಲು" ಎಂದರು ಅಷ್ಟೆ, ಪಾಠ ಹೇಳುವ ದನಿಯಲ್ಲೇ. ಅವರು ನೋಡುತ್ತಿದ್ದದ್ದು ಕಿಟಕಿಯನ್ನು. ರಾಟೆಯ ಹಗ್ಗ ಎಳೆದು ನನ್ನ ಕಂಕುಳ ಕೆಳಗೆ ಸುತ್ತಿ, ಮೂಟೆಗೆ ಹಾಕುವ ಗಂಟನ್ನೇ ಹಾಕಿದರು. ಕಿಟಕಿಯಿಂದ ಬಗ್ಗಿ, "ಕೆಂಚಾ, ಮೂಟೆ ಇಳೀತದೆ, ಹಿಡ್ಕೊಳ್ಳೋ!" ಎಂದರು. ಕೆಂಚಣ್ಣ ತಲೆಯೆತ್ತಿ ನೋಡಿ ಕೈಯಲ್ಲಿದ್ದ ಕಾಯಿ ಬಿಟ್ಟ. ಗಾಳಿಯಲ್ಲಿ ತಿರುಗುತ್ತ ಇಳಿದೆ. ಗೋಡೆ, ಆಕಾಶ, ಬೇಲಿ, ಮತ್ತೆ ಗೋಡೆ. ಅವನ ಕೈಗಳು ನನ್ನ ಕಾಲು ಹಿಡಿದವು. ನನ್ನ ಜಡೆಯ ತುದಿ ಹೊಗೆಯಾಡುತ್ತಿತ್ತಂತೆ. ಅವನೇ ಮುಷ್ಟಿಯಲ್ಲಿ ಹಿಡಿದು ಆರಿಸಿದನಂತೆ.

ಮೇಲೆ ನೋಡಿದೆ. ಕಿಟಕಿಯಲ್ಲಿ, ಹೊಗೆಯ ನಡುವೆ ಮೇಷ್ಟ್ರು ನಿಂತಿದ್ದರು. ಹಗ್ಗ ಅವರ ಕೈಯ ಹತ್ತಿರವೇ ಇತ್ತು. ಮುಖ ನಮ್ಮ ಕಡೆಗಿತ್ತೋ ಬೆನ್ನಿತ್ತೋ ತಿಳಿಯಲಿಲ್ಲ. ಆಮೇಲೆ ಅಲ್ಲಿ ಯಾರೂ ಇರಲಿಲ್ಲ.

ಎಷ್ಟು ಹೊತ್ತಾಯಿತೋ ಹೇಳಲಾರೆ. ಜನ ಬಾವಿಯಿಂದ ಸಾಲಾಗಿ ಕೊಡ ದಾಟಿಸುತ್ತಿದ್ದರು. ಕೆಳಗಿನ ಬಾಗಿಲಿನಿಂದ, ಏಣಿ ಇದ್ದ ಕಡೆಯಿಂದ, ಗೋಣಿತಾಟು ಹೊದ್ದ ಒಂದು ಆಕೃತಿ ಕೆಮ್ಮುತ್ತ ಹೊರಗೆ ಬಂತು. ಹುಬ್ಬು ಸುಟ್ಟಿತ್ತು, ಎಡಗೈ ಬೊಬ್ಬೆಯೆದ್ದಿತ್ತು. ಬಲಗೈಯಲ್ಲಿ ಒಂದು ಕ್ಯಾನ್ವಾಸು. ನನ್ನದಲ್ಲ. ಇಡೀ ವರ್ಷದ ನನ್ನ ಕೋಣೆ ಮೇಲೆ ಉರಿಯುತ್ತಿತ್ತು. ಅವರು ಹೊತ್ತು ತಂದದ್ದು ಆ ಒಣಗದ ಚಿತ್ರ. ಅದರ ತುಂಬ ಬೂದಿ ಅಂಟಿತ್ತು.

ಅರ್ಧ ಅಟ್ಟ ಉಳಿಯಿತು. ಬೆಂಕಿ ಆರಿದ ಮೇಲೆ ದೊಡ್ಡಪ್ಪನ ಕಣ್ಣು ಬಿದ್ದದ್ದು ಕೆಂಚಣ್ಣನ ಮೇಲೆ. ಅಷ್ಟು ಕೂಡಿದ ಜನರ ಮುಂದೆ ಅವನ ಅಂಗಿಯ ಕಾಲರು ಹಿಡಿದರು.

"ಬೆಳಿಗ್ಗೆ ಮೇಲೆ ಹತ್ತಿದವನು ನೀನು. ಬೀಡಿ ಎಲ್ಲಿ ಎಸೆದೆ ಬೊಗಳು."

"ಇಲ್ಲ ಯಜಮಾನ್ರೆ, ದೇವ್ರಾಣೆಗೂ ಇಲ್ಲ…"

"ಪೊಲೀಸ್ನೋರ ಹತ್ರ ಹೇಳು. ಹಿಡ್ಕಳ್ರೋ ಇವನ್ನ."

ಕೆಂಚಣ್ಣನ ಹೆಂಡತಿ ಎಲ್ಲಿಂದಲೋ ಓಡಿಬಂದು ದೊಡ್ಡಪ್ಪನ ಕಾಲಿಗೆ ಬಿದ್ದಳು. ಯಾರೋ ಒಬ್ಬ ಅವನ ಕೆನ್ನೆಗೆ ಹೊಡೆದೂ ಬಿಟ್ಟ. ದೊಡ್ಡಮ್ಮ ನನ್ನನ್ನು ಜಗುಲಿಯ ಮೇಲೆ ಕೂರಿಸಿ ತಲೆಗೆ ನೀರು ಹೊಯ್ಯುತ್ತಿದ್ದಳು. ಹೊಗೆ ಕುಡಿದು ನನಗೆ ದನಿ ಹೊರಡುತ್ತಿರಲಿಲ್ಲ.

ಮೇಷ್ಟ್ರು ಎದ್ದು ನಿಂತರು. "ಅವನ್ನ ಬಿಡಿ. ನಾನೇ ಹಚ್ಚಿದ್ದು" ಎಂದರು.

"ಏನ್ ಹಚ್ಚಿದ್ರಿ?"

"ಬೀಡಿ. ಮೇಲೆ ಕೂತು ಒಂದ್ ಬೀಡಿ ಹಚ್ಚಿದ್ದೆ. ಆರಿಸಿದ್ದೀನಿ ಅಂದ್ಕೊಂಡೆ."

"ನೀವು ಬೀಡಿ ಸೇದ್ತೀರಾ?"

"ಸೇದ್ತೀನಿ."

"ಯಾವಾಗಿಂದ?"

ಮೇಷ್ಟ್ರು ಸ್ವಲ್ಪ ಯೋಚಿಸಿದರು. "ಈಚೆಗೆ" ಎಂದರು.

ಯಾರೋ ನಗಲು ಹೋಗಿ ನಿಲ್ಲಿಸಿದರು. ದೊಡ್ಡಪ್ಪ ಕೆಂಚಣ್ಣನ ಕಾಲರು ಬಿಟ್ಟರು. ಮೇಷ್ಟ್ರು ನನ್ನ ಕಡೆ ನೋಡಿದರು, ಒಂದು ಕಣ್ಣು ಮುಚ್ಚಿ, ದೂರವನ್ನು ಅಳೆಯುವಾಗ ನೋಡುತ್ತಿದ್ದ ಹಾಗೆ. ಹೊಗೆಗೆ ಮುಚ್ಚಿದ್ದೋ, ನನಗೇನಾದರೂ ಹೇಳಿದ್ದೋ, ಆ ಕಣ್ಣನ್ನು ನಾನು ಎಷ್ಟು ಸಲ ನೆನೆದರೂ ಅದು ನನಗೆ ತೆರೆಯುವುದಿಲ್ಲ.

"ಈ ಹೊಸ್ತಿಲು ಮತ್ತೆ ತುಳೀಬೇಡಿ ಮೇಷ್ಟ್ರೆ" ಎಂದರು ದೊಡ್ಡಪ್ಪ. ಪೊಲೀಸಿನವರೆಗೆ ಹೋಗಲಿಲ್ಲ. ಮೇಷ್ಟ್ರು ಬೂದಿ ಮೆತ್ತಿದ ಚಿತ್ರವನ್ನು ಮೈಗೆ ತಾಗದ ಹಾಗೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ದನಿ ಬಂದ ಮೇಲೆ ನಾನು ದೊಡ್ಡಪ್ಪನಿಗೆ ಹೇಳಿದೆ, ಅವರು ಬೀಡಿ ಸೇದಲಿಲ್ಲ, ನಾನು ಪಕ್ಕದಲ್ಲೇ ಇದ್ದೆ ಎಂದು. "ಮತ್ತೆ ಬೆಂಕಿ ಎಲ್ಲಿಂದ ಬಂತು?" ಎಂದರು. "ಅವರೇ ಒಪ್ಕಂಡವ್ರೆ. ನಿಂಗೆ ಗಾಬ್ರಿ ಆಗೈತೆ, ಮಲಗು" ಎಂದರು. ಆ ವರ್ಷವೇ ನನ್ನನ್ನು ಮೈಸೂರಿಗೆ ಎಂ.ಎ.ಗೆ ಕಳಿಸಿದರು.

ಮುಂದೆ ಮೇಷ್ಟ್ರಿಗೆ ಯಾರೂ ಕಿಟಕಿ ಕೊಡಲಿಲ್ಲ, ಮಕ್ಕಳನ್ನು ಕಳಿಸಲಿಲ್ಲ. ಅಂಗಡಿಗಳ ಬೋರ್ಡು ಬರೆಯುತ್ತ ದಿನ ಕಳೆದರು. ಆದರೆ ಅಂಗಿಯ ಜೇಬಿನಲ್ಲಿ ಒಂದು ಕಟ್ಟು ಬೀಡಿ ಬಂದು ಕೂತಿತ್ತು, ಹೊರಗೆ ಕಾಣುವ ಹಾಗೆ. ರಜೆಗೆ ಬಂದಾಗ ಮಾಯಸಂದ್ರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ನೋಡಿದೆ. ನಾಲ್ಕು ಜನ ಕಂಡಕೂಡಲೇ ಒಂದು ಬೀಡಿ ತೆಗೆದು ತುಟಿಗಿಟ್ಟರು. ಪಕ್ಕದ ಕ್ಷೌರದಂಗಡಿಯವನು ಮರ್ಯಾದೆಗೆ ಕಡ್ಡಿ ಗೀರಿ ಹಚ್ಚಿಯೇ ಬಿಟ್ಟ. ಮೇಷ್ಟ್ರು ಬಗ್ಗಿ ಬಗ್ಗಿ ಕೆಮ್ಮಿದರು. "ಬುಡಿ ಮೇಷ್ಟ್ರೆ ಈ ಚಟಾನ" ಎಂದು ಅವನೇ ಬೈದ. ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಹೇಳಿದ ಒಂದು ಸುಳ್ಳನ್ನು ಹೀಗೆ ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೆಂಕಿ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ತುಮಕೂರಿನಲ್ಲಿ, ನಾನು ಚರಿತ್ರೆಯ ಉಪನ್ಯಾಸಕಿಯಾದ ಮೇಲೆ. ಸ್ಟಾಫ್ ರೂಮಿನಲ್ಲಿ ಹೊಸ ಬೆಂಚುಗಳಿಗೆ ಬಡಗಿ ಅಗಸೆ ಎಣ್ಣೆ ಹಚ್ಚುತ್ತಿದ್ದ. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಟೀ ಕುಡಿಯುತ್ತ, "ಒರೆಸಿದ ಬಟ್ಟೇನ ಮುದ್ದೆ ಮಾಡಿ ಇಡಬೇಡಪ್ಪ, ಹರಡಿ ಹಾಕು" ಎಂದರು. ಯಾಕೆಂದು ಕೇಳಿದೆ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದಂತೆ. ಹರಡಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ನಾರಿನಂಥದರ ನಡುವೆ ತುರುಕಿದರೆ ಒಳಗೇ ಕೂಡಿ ಕೂಡಿ ಕೊನೆಗೆ ಹೊತ್ತಿಕೊಳ್ಳುತ್ತದೆ. ಕಡ್ಡಿ ಬೇಡ, ಕಿಡಿ ಬೇಡ. "ಕೊಬ್ಬರಿ ಎಣ್ಣೆ?" ಎಂದೆ. "ಅದು ಒಣಗೋದೇ ಇಲ್ವಲ್ಲ ಮೇಡಂ. ಅದರ ಬಟ್ಟೆ ಎಷ್ಟು ವರ್ಷ ಇಟ್ರೂ ಏನೂ ಆಗಲ್ಲ."

ಲೋಟ ಹಿಡಿದಿದ್ದ ನನ್ನ ಕೈಗೆ ಆ ಚೀಲದ ಬಿಸಿ ಮತ್ತೆ ತಾಗಿತು.

ಆ ಭಾನುವಾರವೇ ಮಾಯಸಂದ್ರಕ್ಕೆ ಹೋದೆ. ಮೇಷ್ಟ್ರು ಪಡಸಾಲೆಯಲ್ಲಿ ಗೋಡೆಗೊರಗಿ ಕೂತು ಎಲ್ಲವನ್ನೂ ಕೇಳಿದರು.

"ಬೆಚ್ಚಗಿತ್ತು ಅಲ್ವಾ?" ಎಂದರು.

"ಬೆಕ್ಕು ಅಂದ್ಕೊಂಡ್ವಿ ಸಾರ್."

"ನಿಮ್ ಅಟ್ಟದಲ್ಲಿ ಬೆಕ್ಕೇ ಇರ್ಲಿಲ್ಲ ಕಣವ್ವ."

"ಹಾಗಾದ್ರೆ ಆವತ್ತೇ ಗೊತ್ತಾಗಿತ್ತಾ ನಿಮಗೆ?"

"ಏನ್ ಗೊತ್ತಿತ್ತು, ಏನ್ ಗೊತ್ತಿರ್ಲಿಲ್ಲ… ಚೀಲದಿಂದ ಹತ್ತಿತು ಅಂತ ಕಣ್ಣಿಗೆ ಕಂಡಿತ್ತು. ಯಾಕೆ ಅಂತ ಗೊತ್ತಿರ್ಲಿಲ್ಲ. ಬಟ್ಟೆ ತಾನಾಗೇ ಹತ್ಕೊಂತು ಅಂದ್ರೆ ನಿಮ್ ದೊಡ್ಡಪ್ಪ ನಂಬ್ತಿದ್ರಾ? ಅಷ್ಟೊತ್ಗೆ ಕೆಂಚನಿಗೆ ಇನ್ನೂ ನಾಲ್ಕು ಏಟು ಬಿದ್ದಿರೋವು. ಬೀಡಿ ಅಂದ್ರೆ ಎಲ್ಲಾರ್ಗೂ ಅರ್ಥ ಆಯ್ತದೆ."

"ಈಗ ನಾನು ದೊಡ್ಡಪ್ಪನಿಗೆ ಹೇಳ್ತೀನಿ."

"ಬ್ಯಾಡ." ದನಿ ಗಟ್ಟಿಯಾಯಿತು. "ಎಣ್ಣೆ ಬಣ್ಣಕ್ಕೆ ತಾನಾಗೇ ಬೆಂಕಿ ಹತ್ತದೆ ಅಂತ ಗೊತ್ತಾದ್ರೆ ಈ ಸೀಮೇಲಿ ಯಾರಾದ್ರೂ ಮಕ್ಕಳ ಕೈಗೆ ಕುಂಚ ಕೊಡ್ತಾರಾ? ಈಗಾದ್ರೆ, ಆ ಬೀಡಿ ಮೇಷ್ಟ್ರು ಸರಿಯಿಲ್ಲ, ಬೇರೆಯೋರ ಹತ್ರ ಕಳ್ಸಿ ಅಂತಾರೆ. ಅಷ್ಟೆ ತಾನೆ. ಅನ್ಲಿ ಬುಡು."

ಒಬ್ಬ ಮನುಷ್ಯನಿಗಾಗಿ ಹೇಳಿದ ಸುಳ್ಳೋ, ಬಣ್ಣಕ್ಕಾಗಿ ಹೇಳಿದ್ದೋ? ಕೇಳಬೇಕೆನಿಸಿತು, ಕೇಳಲಿಲ್ಲ. ಬದಲಿಗೆ, ಅಷ್ಟು ಉರಿಯಲ್ಲಿ ನನ್ನ ಚಿತ್ರ ಬಿಟ್ಟು ಆ ಒಣಗದ ಚಿತ್ರವನ್ನು ಯಾಕೆ ತಂದಿರಿ ಎಂದೆ.

"ಅಷ್ಟ್ ಬಿಸಿ ಆಗಿತ್ತಲ್ಲ," ಎಂದರು, ನಗದೆ, "ಈಗಲಾದ್ರೂ ಒಣಗಿದೆಯಾ ನೋಡೋಣ ಅಂತ."

ಇದೇ ನಾವು ಕೊನೆಯ ಸಲ ಮಾತಾಡಿದ್ದು.

ತಿಥಿಯ ದಿನ ಅವರ ಮಗಳು ಫೋಟೋದ ಮುಂದೆ ಬಾಳೆಲೆಯಲ್ಲಿ ಎಡೆ ಇಟ್ಟಿದ್ದಳು. ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಇಡುವುದು ಪದ್ಧತಿ. ಮುದ್ದೆ, ಹುರುಳಿ ಸಾರು, ಅಡಕೆ, ಒಂದು ಹೊಸ ಕುಂಚ. ಪಕ್ಕದ ಗೋಡೆಗೆ ಬೂದಿ ಅಂಟಿದ ಆ ಚಿತ್ರ. ನಾನು ಬಾಗಿಲು ಕಾಣುವ ಕಡೆ ಕೂತಿದ್ದೆ. ಊರುಗೋಲು ಹಿಡಿದು ಕೆಂಚಣ್ಣ ಒಳಗೆ ಬಂದ. ತುಂಬ ಮುದುಕನಾಗಿದ್ದ. ಜೇಬಿನಿಂದ ಬೀಡಿ ಕಟ್ಟು ತೆಗೆದು ಎಲೆಯ ತುದಿಯಲ್ಲಿಟ್ಟ. ಒಂದನ್ನು ಮಾತ್ರ ಸೊಡರಿಗೆ ಹಿಡಿದು ಹಚ್ಚಿ, ಉರಿಯುವ ತುದಿ ಹೊರಗಿರುವ ಹಾಗೆ ಎಲೆಯ ಅಂಚಿಗೆ ಒರಗಿಸಿದ. ಕೂತಿದ್ದವರು ತಲೆದೂಗಿದರು. ಮೇಷ್ಟ್ರಿಗೆ ಬೀಡಿ ಎಂದರೆ ಪ್ರಾಣ ಎಂದು ಯಾರೋ ಹೇಳಿದರು.

ಊಟವಾದ ಮೇಲೆ ಕೆಂಚಣ್ಣ ನನ್ನ ಹತ್ತಿರ ಬಂದು ಕೂತ.

"ಅವ್ರು ಸೇದ್ತಿರ್ಲಿಲ್ಲ ಅಂತ ನಂಗೊತ್ತು ಕಣವ್ವ" ಎಂದ ಮೆಲ್ಲಗೆ. "ಆ ಬೀಡಿ ನಂದು. ಆವತ್ತು ಬೆಳಿಗ್ಗೆ ಅಟ್ಟ ಹತ್ತಿದಾಗ ಬಾಯಲ್ಲಿ ಬೀಡಿ ಇತ್ತಾ ಇಲ್ವಾ ನಂಗೇ ಗ್ಯಾನ ಇಲ್ಲ. ಇದ್ದಿರ್ಬೇಕು. ಇಲ್ದಿದ್ರೆ ಎಲ್ಲಿಂದ ಬತ್ತದೆ ಬೆಂಕಿ? ನೀವು ಉರಿಯೋ ಜಡೆ ಹೊತ್ಕಂಡು ಹಗ್ಗದಾಗೆ ಇಳಿದಿದ್ದು ಈಗ್ಲೂ ಕಣ್ಣಾಗೈತೆ. ಆವತ್ತಿಂದ ನಾನು ಒಂದ್ ಬೀಡೀನೂ ಸೇದಿಲ್ಲ."

ಇಷ್ಟೂ ವರ್ಷ. ಅವನೂ ಆ ಅಟ್ಟದಿಂದ ಇಳಿದಿರಲಿಲ್ಲ. ಹೇಳಬೇಡ ಎಂದ ಮೇಷ್ಟ್ರ ಮಾತು ನೆನಪಿತ್ತು. ಆದರೆ ಅವರು ಹೋಗಿಯಾಗಿತ್ತು, ಈ ಮನುಷ್ಯ ಎದುರಿಗೆ ಕೂತಿದ್ದ. ಎಲ್ಲವನ್ನೂ ಹೇಳಿದೆ. ಚೀಲ, ಅಗಸೆ ಎಣ್ಣೆ, ಪಂಚೆಯ ತುಂಡುಗಳು, ಬೆಚ್ಚಗಿದ್ದದ್ದು, ಸಹೋದ್ಯೋಗಿ ಹೇಳಿದ್ದು. "ನಿನ್ನ ಬೀಡಿಯಿಂದ ಅಲ್ಲ ಕೆಂಚಣ್ಣ. ಯಾರ ಬೀಡಿಯಿಂದಲೂ ಅಲ್ಲ."

ಅವನು ಕೊನೆಯ ತನಕ ಕೇಳಿಸಿಕೊಂಡ. ಆಮೇಲೆ ಬೊಚ್ಚುಬಾಯಿ ಅಗಲಿಸಿ ನಕ್ಕ.

"ಎಣ್ಣೆ ಬಟ್ಟೆ ತಾನಾಗೇ ಹತ್ಕಂತದಾ? ಹುಟ್ಟಿದಾಗ್ಲಿಂದ ಎಣ್ಣೆ ಬಟ್ಟೆ ಮಧ್ಯಾನೇ ಮಲ್ಗಿದೀನಿ ನಾನು." ನನ್ನ ಕೈಯನ್ನು ತನ್ನ ಒರಟು ಕೈಯಿಂದ ತಟ್ಟಿದ. "ಓದ್ದೋರು, ನನ್ನ ಉಳಿಸೋಕೆ ಚೆನ್ನಾಗಿ ಕತೆ ಕಟ್ತೀರಿ. ನೀವೂ ಮೇಷ್ಟ್ರಂಗೇ ಕಣವ್ವ."

"ನಿಜ ಕೆಂಚಣ್ಣ. ನಾನು ಹೇಳಿದ್ದು ನಿಜವಾಗ್ಲೂ ನಿಜ."

"ಆವತ್ತು ಅಂಗಳದಾಗೆ ಅವ್ರೂ ಹಂಗೇ ಅಂದಿದ್ರು" ಎಂದ.

ಕೋಲು ಊರಿ ಎದ್ದು ಹೋದ. ನಾನು ಕೂತಲ್ಲೇ ಕೂತಿದ್ದೆ. ಬಾಗಿಲು ತೆರೆದಿತ್ತು, ಜನ ಬರುತ್ತಿದ್ದರು, ಹೋಗುತ್ತಿದ್ದರು. ಎಲೆಯ ಅಂಚಿನ ಬೀಡಿ ತನ್ನಷ್ಟಕ್ಕೆ ಉರಿಯುತ್ತಿತ್ತು. ಅದು ಪೂರ್ತಿ ಆರುವ ತನಕ ಅಲ್ಲಿಂದ ಏಳಲು ನನಗೆ ಧೈರ್ಯ ಬರಲಿಲ್ಲ.